ಪಟ್ಟಿಯ ಏಳನೆಯ ಕಸುಬು

ವಲಸೆ ಇಲಾಖೆ ತನ್ನ ನಿಯಮಗಳನ್ನು ಬದಲಿಸುತ್ತಿದ್ದುದು ಬುಧವಾರ. ಸೋಮವಾರ ಯೋಚಿಸಿ ಮಂಗಳವಾರ ಟೈಪು ಮಾಡುತ್ತಾರೆ, ಅದಕ್ಕೇ ಬುಧವಾರ ನಮ್ಮ ಹಣೆಬರಹ ತಿರುಗುತ್ತದೆ ಎಂದು ಎರಡನೆಯ ಮಹಡಿಯ ನರ್ಸಕ್ಕ ಹೇಳುತ್ತಿದ್ದಳು. ಪರದೇಶದ ಆ ಬಾಡಿಗೆ ಕಟ್ಟಡದಲ್ಲಿ ಕನ್ನಡದ ಆರು ಮನೆಗಳಿದ್ದವು. ಎಲ್ಲರೂ ಒಂದಲ್ಲ ಒಂದು ತಾತ್ಕಾಲಿಕ ಪರವಾನಗಿಯ ಮೇಲೆ ಬಂದವರು. ಕೆಲವರದು ಕೆಲಸದ್ದು, ಕೆಲವರದು ಓದಿನದು, ಉಳಿದವರು ಇವರಲ್ಲಿ ಯಾರನ್ನೋ ಕಟ್ಟಿಕೊಂಡ ತಪ್ಪಿಗೆ ಜೊತೆಗೆ ಬಂದವರು. ಆರೂ ಮನೆಗಳ ಪರವಾಗಿ ಇಲಾಖೆಯ ಪುಟ ಓದುವವನು ಒಬ್ಬನೇ. ಅವನಿಗೆ ಗೆಜೆಟ್ಟು ಎಂದು ಹೆಸರು ಬಿದ್ದಿತ್ತು. ಹೆಸರಿಟ್ಟವರು ತಮಾಷೆಗೆ ಇಟ್ಟಿದ್ದರು, ಅವನು ಬಿರುದಿನಂತೆ ಇಟ್ಟುಕೊಂಡಿದ್ದ.

ಗೆಜೆಟ್ಟಿನ ದರ್ಬಾರು ನಡೆಯುತ್ತಿದ್ದುದು ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಬುಟ್ಟಿ ಹೊತ್ತು ಇಳಿಯುತ್ತಿದ್ದರು. ಯಂತ್ರಕ್ಕೆ ಬಟ್ಟೆ ತುಂಬಿ ಗುಂಡಿ ಒತ್ತಿದರೆ ನಲವತ್ತು ನಿಮಿಷ. ಅವನ ಪ್ರವಚನವೂ ನಲವತ್ತು ನಿಮಿಷ. ಯಂತ್ರಗಳು ಬಟ್ಟೆ ಹಿಂಡಲು ಶುರುಮಾಡಿದಾಗ ದನಿ ಏರಿಸುತ್ತಿದ್ದ, ಅವು ನಿಂತಾಗ ಇಳಿಸುತ್ತಿದ್ದ. ಮೊದಲು ವಿದ್ಯಾರ್ಥಿಗಳ ನಿಯಮ, ಆಮೇಲೆ ಕೆಲಸಗಾರರದು. ಇಲಾಖೆಯ ಪುಟದಲ್ಲಿ ಕ್ರಮ ಹಿಂದುಮುಂದಾಗಿದ್ದರೂ ಅವನು ಓದುತ್ತಿದ್ದುದು ಹಾಗೆಯೇ. ಯಾಕೆಂದರೆ ಅವನು ವಿದ್ಯಾರ್ಥಿ. ಮೂವತ್ತನಾಲ್ಕು ವರ್ಷದ ವಿದ್ಯಾರ್ಥಿ, ಹಣೆಯ ಮೇಲೆ ಕೂದಲು ಹಿಂದೆ ಸರಿಯುತ್ತಿರುವ ವಿದ್ಯಾರ್ಥಿ, ಆದರೂ ವಿದ್ಯಾರ್ಥಿಯೇ. ಸರಕು ಸಾಗಣೆ ನಿರ್ವಹಣೆ ಎಂಬ ಎರಡು ವರ್ಷದ ಡಿಪ್ಲೊಮಾ. ಮುಗಿಯಲು ಮೂರು ತಿಂಗಳಿತ್ತು. ಮುಗಿದರೆ ಮೂರು ವರ್ಷ ಇಲ್ಲೇ ಕೆಲಸ ಮಾಡಲು ಪರವಾನಗಿ, ಆಮೇಲೆ ಕಾಯಂ ವಾಸ. ಅವನು ಹಾಕಿಕೊಂಡಿದ್ದ ದಾರಿ ಅದು.

ಆ ದಾರಿಯಲ್ಲಿ ಹೆಂಡತಿ ಅವನ ಹಿಂದೆ ನಡೆದು ಬಂದವಳು. ಅವಳ ಪರವಾನಗಿಯಲ್ಲಿ 'ವಿದ್ಯಾರ್ಥಿಯ ಸಂಗಾತಿ, ಅವಲಂಬಿತೆ' ಎಂದು ಅಚ್ಚಾಗಿತ್ತು. ಬಂದ ಹೊಸದರಲ್ಲಿ ಅವನು ಅದನ್ನು ಎಲ್ಲರಿಗೂ ಓದಿ ತೋರಿಸಿ ನಗಿಸಿದ್ದ. ಅವಳೂ ನಕ್ಕಿದ್ದಳು. ಆಮೇಲೆ ಅವಳಿಗೆ ಬಸ್ಸಿನ ಸೀಟು ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಊರಿನಲ್ಲಿ ಅಕ್ಕಪಕ್ಕದವರ ರವಿಕೆ ಹೊಲಿಯುತ್ತಿದ್ದವಳು. ಅದನ್ನು ಅವನು ಯಾವತ್ತೂ ಕಸುಬು ಎಂದು ಎಣಿಸಿರಲಿಲ್ಲ, ಮಧ್ಯಾಹ್ನ ಹೊತ್ತು ಕಳೆಯುವ ಉಪಾಯ ಎಂದುಕೊಂಡಿದ್ದ.

ಹೊಟ್ಟೆಕಿಚ್ಚು ಯಾವತ್ತು ಹತ್ತಿಕೊಂಡಿತು ಎಂದು ಕೇಳಿದರೆ ಅವನು ದಿನ, ಗಂಟೆ ಸಮೇತ ಹೇಳಬಲ್ಲ. ಅವಳು ಮನೆಯಲ್ಲೇ ಮರೆತುಹೋಗಿದ್ದ ಕನ್ನಡಕವನ್ನು ಕೊಡಲು ಕಾರ್ಖಾನೆಗೆ ಹೋಗಿದ್ದ. ಗಾಜಿನ ಗೋಡೆಯಾಚೆ ಅವಳು ಯಂತ್ರದ ಮುಂದೆ ಕುಳಿತಿದ್ದಳು. ದಪ್ಪ ಬಟ್ಟೆ, ಒಳಗೆ ಫೋಮು, ಅಂಚಿಗೆ ಹಗ್ಗದಂಥ ಪಟ್ಟಿ. ಸೀಟಿನ ಮೂಲೆ ಬಂದಾಗ ಎಲ್ಲರೂ ಯಂತ್ರ ನಿಲ್ಲಿಸಿ, ಬಟ್ಟೆ ತಿರುಗಿಸಿ, ಮತ್ತೆ ಶುರುಮಾಡುತ್ತಾರಂತೆ. ಇವಳು ನಿಲ್ಲಿಸುತ್ತಿರಲಿಲ್ಲ. ಎಡಗೈಯ ಹೆಬ್ಬೆರಳಿನಿಂದ ಬಟ್ಟೆಯನ್ನು ಸ್ವಲ್ಪವೇ ನೂಕಿ, ಮೂಲೆಯನ್ನು ಒಂದೇ ಓಟದಲ್ಲಿ ತಿರುಗಿಸಿಬಿಡುತ್ತಿದ್ದಳು. ಹೊಸದಾಗಿ ಸೇರಿದ ನಾಲ್ವರು ಸುತ್ತ ನಿಂತು ನೋಡುತ್ತಿದ್ದರು. ಮೇಲ್ವಿಚಾರಕಿ ಅವರಿಗೆ ಹೇಳುತ್ತಿದ್ದಳು, "ಮುಖ ಅಲ್ಲ, ಕೈ ನೋಡಿ."

ಗೆಜೆಟ್ಟು ಕನ್ನಡಕ ಹಿಡಿದು ಗಾಜಿನ ಈಚೆ ನಿಂತಿದ್ದ. ಮೂವತ್ತನಾಲ್ಕು ವರ್ಷದಲ್ಲಿ ತಾನು ಮಾಡುವ ಯಾವ ಕೆಲಸವನ್ನೂ ನಾಲ್ಕು ಜನ ನಿಂತು ನೋಡಿರಲಿಲ್ಲ ಎಂದು ಅವನಿಗೆ ಆಗ ಹೊಳೆಯಿತು. ಕನ್ನಡಕವನ್ನು ಕಾವಲುಗಾರನ ಕೈಗೆ ಕೊಟ್ಟು ಬಂದುಬಿಟ್ಟ.

ಅಲ್ಲಿಂದಾಚೆ ಸಣ್ಣ ಸಣ್ಣದಕ್ಕೂ ಉರಿ. ಅವಳು ಇಲ್ಲಿನ ಭಾಷೆಯನ್ನು ಎಡವಟ್ಟಾಗಿ ಮಾತಾಡುತ್ತಿದ್ದಳು, ಜನ ನಗುತ್ತ ಇನ್ನಷ್ಟು ಮಾತಾಡಿಸುತ್ತಿದ್ದರು. ಅವನು ತಪ್ಪಿಲ್ಲದೆ ಮಾತಾಡುತ್ತಿದ್ದ, ಜನ ಬೇಕಾದ್ದನ್ನು ಕೊಟ್ಟು ಕಳಿಸುತ್ತಿದ್ದರು. ಅವಳು ಮೇಲ್ವಿಚಾರಕಿಯನ್ನು ದೊಡ್ಡಕ್ಕ ಎಂದು ಕರೆಯುವುದು, ಆ ಹೆಂಗಸು ಅರ್ಥ ಗೊತ್ತಿಲ್ಲದೆಯೇ ಆ ಹೆಸರಿಗೆ ಓಗೊಡುವುದು, ಇದೂ ಅವನಿಗೆ ಚುಚ್ಚುತ್ತಿತ್ತು. ವಾರಕ್ಕೆ ಇಪ್ಪತ್ತು ಗಂಟೆ ಅವನು ಒಂದು ಗೋದಾಮಿನಲ್ಲಿ ಪೆಟ್ಟಿಗೆಗಳ ಮೇಲಿನ ಬಾರ್‌ಕೋಡಿನ ಗೆರೆಗಳಿಗೆ ಯಂತ್ರದ ಕೆಂಪು ಬೆಳಕು ಹಿಡಿಯುತ್ತಿದ್ದ. ವಿದ್ಯಾರ್ಥಿಗೆ ಅಷ್ಟೇ ಅನುಮತಿ. ಅಲ್ಲಿ ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದುದು ಆ ಯಂತ್ರ ಒಂದೇ, ಅದೂ ತಪ್ಪಾಗಿ.

ಆ ಬುಧವಾರ ಅವನು ಪುಟ ತೆರೆದದ್ದು ಕಾಲೇಜಿನ ಗ್ರಂಥಾಲಯದಲ್ಲಿ. ಎಂದಿನಂತೆ ವಿದ್ಯಾರ್ಥಿಗಳ ಭಾಗ ಮೊದಲು. ಓದು ಮುಗಿಸಿದ ಮೇಲೆ ಕೆಲಸದ ಪರವಾನಗಿ ಸಿಗುವ ಕೋರ್ಸುಗಳ ಪಟ್ಟಿಯನ್ನು ಇಲಾಖೆ ಕತ್ತರಿಸಿತ್ತು. ಸರಕು ಸಾಗಣೆ ನಿರ್ವಹಣೆಯನ್ನು ಮೂರು ಸಲ ಹುಡುಕಿದ. ಇರಲಿಲ್ಲ. ಈಗಾಗಲೇ ಓದುತ್ತಿರುವವರಿಗೂ ರಿಯಾಯಿತಿ ಇರಲಿಲ್ಲ. ಮೂರು ತಿಂಗಳ ನಂತರ ಅವನಿಗೆ ಒಂದು ಡಿಪ್ಲೊಮಾ, ಒಂದು ವಿಮಾನ ಟಿಕೇಟು. ಅವನ ಪರವಾನಗಿಗೆ ಗಂಟು ಬಿದ್ದಿದ್ದ ಹೆಂಡತಿಯ ಪರವಾನಗಿಗೂ ಅದೇ ಗತಿ.

ಓದುವ ಚಟದಿಂದ ಮಾತ್ರ ಬೆರಳು ಮೇಲಿನ ಭಾಗಕ್ಕೆ ಜಾರಿತು. ತಾತ್ಕಾಲಿಕ ಕೆಲಸಗಾರರು: ಹೊಸ ಯೋಜನೆ. ಹನ್ನೆರಡು ಕಸುಬುಗಳಲ್ಲಿ ಒಂದರಲ್ಲಿ ಒಂದು ವರ್ಷ ದುಡಿದವರು, ಯಾವ ಬಗೆಯ ಪರವಾನಗಿ ಇದ್ದರೂ ಸರಿ, ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಮಾಲೀಕರ ಪತ್ರ ಬೇಕು. ಒಟ್ಟು ಸಾವಿರದ ಇನ್ನೂರು ಅರ್ಜಿ, ಮೊದಲು ಬಂದವರಿಗೆ ಮೊದಲು. ನಾಲ್ಕನೆಯದು, ಬೇಕರಿ ಒಲೆಯವರು. ಏಳನೆಯದು, ವಾಹನ ಮತ್ತು ಪೀಠೋಪಕರಣಗಳ ಆಸನ ಹೊಲಿಯುವವರು.

ಬದುಕಿದೆವು ಎಂದು ಅವನ ಬಾಯಿಂದ ಬಂತು. ನಿಜವಾಗಿ ಬಂತು. ಪಕ್ಕದ ಮೇಜಿನ ಹುಡುಗಿ ತಲೆ ಎತ್ತಿ ನೋಡಿದಳು. ಹೆಂಡತಿಗೆ ಹದಿನಾಲ್ಕು ತಿಂಗಳ ಕೆಲಸ ಆಗಿದೆ, ಸೀದಾ ಮನೆಗೆ ಹೋಗಿ ಹೇಳಬೇಕು ಎಂದು ಎದ್ದೂ ನಿಂತ. ಅಷ್ಟರಲ್ಲಿ ಆ ಭಾಗದ ಕೊನೆಯ ಸಾಲು ಕಣ್ಣಿಗೆ ಬಿತ್ತು. ಅರ್ಜಿದಾರರು ಗಂಡ ಅಥವಾ ಹೆಂಡತಿಯನ್ನು ಅವಲಂಬಿತರಾಗಿ ಸೇರಿಸಿಕೊಳ್ಳಬಹುದು.

ಸೇರಿಸಿಕೊಳ್ಳಬಹುದು. ಅವನು ಮತ್ತೆ ಕುಳಿತುಕೊಂಡ. ಅತ್ತೆ ಫೋನಿನಲ್ಲಿ ಮಗಳಿಗೆ ಹೇಳುವ ಮಾತು ಕಿವಿಯಲ್ಲಿ ಆಗಲೇ ಕೇಳಿಸಿತು: ಅಂತೂ ಅಳಿಯಂದಿರನ್ನ ನೀನೇ ದಡ ಮುಟ್ಟಿಸಿದೆ ಅನ್ನು. ಒಗೆಯುವ ಕೋಣೆಯಲ್ಲಿ ಯಾರೋ ಹಲ್ಲು ಕಿರಿಯುವುದು ಕಾಣಿಸಿತು. ಎರಡು ವರ್ಷ ಓದಿ ಅವನಿಗೆ ಸಿಗದದ್ದನ್ನು ಅವಳು ಹೆಬ್ಬೆರಳಿನಿಂದ ತಿರುಗಿಸಿಬಿಟ್ಟಿದ್ದಳು, ನಿಲ್ಲಿಸದೆ, ಒಂದೇ ಓಟದಲ್ಲಿ.

ನಾಳೆ ಹೇಳಿದರಾಯಿತು ಎಂದುಕೊಂಡ.

ಭಾನುವಾರ ಒಗೆಯುವ ಕೋಣೆಯಲ್ಲಿ ಅವನು ವಿದ್ಯಾರ್ಥಿಗಳ ಭಾಗವನ್ನು ನಿಧಾನಕ್ಕೆ, ಒಂದು ಸಾಲೂ ಬಿಡದೆ ಓದಿದ. ಯಂತ್ರಗಳು ಹಿಂಡುತ್ತಿದ್ದವು. ಕೋಣೆಗೆ ಕೋಣೆಯೇ ಅವನ ಕಡೆ ನೋಡಿತು. ನರ್ಸಕ್ಕ ಅವನ ಬೆನ್ನು ಸವರಿದಳು.

"ಛೆ, ಎಲ್ಲರಿಗೂ ದಾರಿ ತೋರಿಸೋ ದೀಪ. ಬುಡದಲ್ಲೇ ಕತ್ತಲಾಯ್ತಲ್ಲಪ್ಪ" ಎಂದಳು.

ಆ ಮಾತು ಹಿತವಾಗಿತ್ತು. ಗಾಯಗೊಂಡವನ ಸುತ್ತ ಜನ ನಿಲ್ಲುತ್ತಾರೆ, ನಾಲ್ವರಲ್ಲ, ಎಂಟು ಜನ.

"ಕೆಲಸದೋರಿಗೆ ಏನಾದ್ರೂ ಉಂಟಾ ಗೆಜೆಟ್ಟು?" ಎಂದು ಕೇಳಿದವನು ನಾಲ್ಕನೆಯ ಮಹಡಿಯ ಬೇಕರಿ ಅಣ್ಣ. ಐವತ್ತರ ಹತ್ತಿರದ ಮನುಷ್ಯ. ಮೂರು ವರ್ಷದಿಂದ ಒಂದೇ ಒಲೆಯ ಮುಂದೆ ನಿಂತು ಮುಂಗೈ ಕೂದಲೆಲ್ಲ ಸುಟ್ಟುಹೋಗಿತ್ತು. ಹೆಂಡತಿ ಊರಿನಲ್ಲಿದ್ದಳು, ಅವಳನ್ನು ಕರೆಸಿಕೊಳ್ಳುವ ಹಕ್ಕು ಅವನ ಪರವಾನಗಿಗೆ ಇರಲಿಲ್ಲ. ಪ್ರತಿ ಭಾನುವಾರ ಇದೇ ಪ್ರಶ್ನೆಯನ್ನು ಇದೇ ದನಿಯಲ್ಲಿ ಕೇಳುತ್ತಿದ್ದ, ಹವಾಮಾನ ಕೇಳುವವನ ಹಾಗೆ.

ಗೆಜೆಟ್ಟಿನ ಹೆಂಡತಿ ಅಲ್ಲೇ ಹೊದಿಕೆ ಮಡಚುತ್ತಿದ್ದಳು. ಬೇಕರಿ ಅಣ್ಣನಿಗೆ ಪಟ್ಟಿ ಓದಿದರೆ ನಾಲ್ಕನೆಯದಾದ ಮೇಲೆ ಏಳನೆಯದೂ ಬರಲೇಬೇಕು.

"ಈ ಸಲ ಏನಿಲ್ಲ ಅಣ್ಣ" ಎಂದ. "ಹಳೇದೇ."

"ಹೋಗ್ಲಿ ಬಿಡಿ. ಹಳೇದಾದ್ರೂ ಇದೆಯಲ್ಲ" ಎಂದು ಬೇಕರಿ ಅಣ್ಣ ತನ್ನ ಎರಡು ಅಂಗಿ, ನಾಲ್ಕು ಏಪ್ರನ್ನುಗಳನ್ನು ಎತ್ತಿಕೊಂಡು ಮೇಲೆ ಹೋದ.

ಪುಟದ ಮೂಲೆಯಲ್ಲಿ ಉಳಿದ ಜಾಗಗಳ ಸಂಖ್ಯೆ ಗಳಿಗೆಗೊಮ್ಮೆ ಇಳಿಯುತ್ತಿತ್ತು. ಒಂಬೈನೂರ ಎಂಬತ್ತು. ಏಳುನೂರ ಮೂವತ್ತು. ಗೋದಾಮಿನಲ್ಲಿ, ಬಸ್ಸಿನಲ್ಲಿ, ಪಾಯಿಖಾನೆಯಲ್ಲಿ ಅವನು ಅದನ್ನೇ ನೋಡುತ್ತಿದ್ದ. ಹಲ್ಲುನೋವಿದ್ದವನ ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುವ ಹಾಗೆ. ಐನೂರಕ್ಕೆ ಬಂದಾಗ ಹೇಳಿಬಿಡುತ್ತೇನೆ ಎಂದುಕೊಂಡಿದ್ದ, ಐನೂರು ದಾಟಿತು. ಈ ನಡುವೆ ಕಾಲೇಜಿನ ಸಲಹೆಗಾರ್ತಿಯನ್ನು ಎರಡು ಸಲ ಕಂಡ. ಬೇರೆ ಕೋರ್ಸು, ಬೇರೆ ಊರು, ಮೇಲ್ಮನವಿ, ಏನಾದರೂ ಒಂದು. ತನ್ನದೇ ಒಂದು ದಾರಿ ಸಿಕ್ಕಿಬಿಟ್ಟರೆ ಅವಳದನ್ನು ಉದಾರವಾಗಿ ಹೇಳಬಹುದಿತ್ತು. ಸಲಹೆಗಾರ್ತಿ ಪ್ರತಿ ಸಲವೂ ಕಾಗದದ ಕರವಸ್ತ್ರದ ಡಬ್ಬಿಯನ್ನು ಅವನತ್ತ ತಳ್ಳಿದಳು.

ಮನೆಯಲ್ಲಿ ಹೆಂಡತಿ ಅವನನ್ನು ಹೂವಿನಂತೆ ನೋಡಿಕೊಂಡಳು. ಅದು ಇನ್ನೂ ಕಷ್ಟವಾಗಿತ್ತು.

"ಊರಿಗೆ ಹೋಗಿ ಒಂದು ಹೊಲಿಗೆ ಅಂಗಡಿ ಹಾಕಿದ್ರಾಯ್ತು. ಸೋಫಾ, ಕಾರಿನ ಸೀಟು ಎಲ್ಲ ಕಲಿತಿದೀನಲ್ಲ. ನೀವು ಯೋಚನೆ ಮಾಡ್ಬೇಡಿ" ಎಂದಳು ಒಂದು ಸಂಜೆ.

"ಅಂದ್ರೆ ನಾನು ಅಲ್ಲಿ ಕೂತು ಗುಂಡಿ ಹಚ್ಚಬೇಕಾ?"

"ನಾನು ಹಾಗೆ ಅಂದ್ನಾ?"

"ಅನ್ನೋದ್ಯಾಕೆ, ಕಾಣಿಸ್ತಿದೆಯಲ್ಲ."

ಅವಳು ಎದ್ದು ತಟ್ಟೆ ತೊಳೆದಳು. ಅವಳ ಬೆರಳ ತುದಿಗಳಲ್ಲಿ ಗಟ್ಟಿಯಾದ ಚರ್ಮ ಹಳದಿಗಟ್ಟಿತ್ತು. ಆ ಚರ್ಮವನ್ನು ನೋಡಿಯೂ ಅವನಿಗೆ ಹೊಟ್ಟೆಕಿಚ್ಚಾಯಿತು. ತನ್ನ ಕೈಗಳು ಕೆಂಪು ಬೆಳಕು ಹಿಡಿದು ಹಿಡಿದು ಯಾವ ಗುರುತೂ ಇಲ್ಲದೆ ಮೆತ್ತಗಿದ್ದವು.

ಮೂರು ವಾರ ತುಂಬಿದ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಬಾಗಿಲು ತೆರೆದ ಸದ್ದಾಯಿತು. ಅವಳ ಕಾರ್ಖಾನೆ ಬಿಡುವುದು ಎರಡಕ್ಕೆ. ಕೂದಲಲ್ಲಿ ಫೋಮಿನ ಪುಡಿ ಹಾಗೇ ಇತ್ತು, ಕೈಯಲ್ಲಿ ನಾಲ್ಕು ಮಡಿಕೆಯ ಒಂದು ಕಾಗದ.

"ಒಂದು ಗಂಟೆ ರಜಾ ಕೇಳ್ಕೊಂಡು ಬಂದೆ" ಎಂದಳು. "ಇದು ಹಳೇದಾ ಹೊಸದಾ ಓದಿ ಹೇಳಿ. ನೀವು ಹಳೇದೇ ಅಂದ ಮಾರನೇ ದಿನವೇ ದೊಡ್ಡಕ್ಕ ನನ್ನ ಕೇಳಿದ್ಲು, ಪತ್ರ ಬರೆದುಕೊಡ್ಲಾ ಅಂತ. ನಾನು ಬೇಡ ಅಂದೆ. ಅದು ಹಳೇದು, ನಮ್ಮನೆಯವರು ಓದಿದಾರೆ, ಅವರಿಗಿಂತ ಚೆನ್ನಾಗಿ ಗೊತ್ತಿರೋರು ಯಾರೂ ಇಲ್ಲ ಅಂದೆ. ಇವತ್ತು ನೋಡಿದ್ರೆ ಪಕ್ಕದ ಮಷೀನಿನವಳ ಅರ್ಜಿ ತಗೊಂಡಿದಾರಂತೆ. ಅವಳು ನನಗಿಂತ ಆಮೇಲೆ ಸೇರಿದವಳು."

ಅವನು ಕಾಗದ ಬಿಚ್ಚಿದ. ಬಿಚ್ಚಬೇಕಾದ ಅಗತ್ಯವೇ ಇರಲಿಲ್ಲ, ಅದರ ಅಲ್ಪವಿರಾಮಗಳೂ ಅವನಿಗೆ ಬಾಯಿಪಾಠವಾಗಿದ್ದವು. ಇದು ಬೇರೆ ಥರದ ಪರವಾನಗಿಯವರಿಗೆ ಎಂದು ಒಂದು ಮಾತು ಹೇಳಿದರೆ ಅವಳು ನಂಬುತ್ತಾಳೆ. ಇಡೀ ಕಾರ್ಖಾನೆ ಒಂದು ಕಡೆ ನಿಂತು ಹೇಳಿದರೂ ಇವನೊಬ್ಬನನ್ನು ನಂಬುತ್ತಾಳೆ. ಎರಡು ವರ್ಷದಲ್ಲಿ ಅವನು ಸಂಪಾದಿಸಿದ್ದು ಅದೊಂದೇ, ಅದನ್ನು ಅವಳು ಕಾರ್ಖಾನೆಯ ಮಧ್ಯೆ ನಿಂತು ಜಂಬದಿಂದ ಖರ್ಚು ಮಾಡಿ ಬಂದಿದ್ದಳು.

"ಹೊಸದು" ಎಂದ.

"ಯಾವತ್ತಿಂದು?"

"ಮೂರು ವಾರ ಆಯ್ತು."

"ನಿಮ್ಮ ಕಣ್ಣಿಗೆ ಬೀಳ್ಲಿಲ್ವಾ?" ಎಂದು ಕೇಳಿದಳು. ಬಾವಿಗೆ ಬಿದ್ದವನಿಗೆ ಹಗ್ಗ ಇಳಿಬಿಟ್ಟಂತೆ ಕೇಳಿದಳು.

"ಬಿತ್ತು. ಓದಿದ್ದೆ."

ಅವಳು ಕುರ್ಚಿಯ ಅಂಚಿನಲ್ಲಿ ಕುಳಿತಳು. ಕಾಗದವನ್ನು ಅವನ ಕೈಯಿಂದ ತೆಗೆದುಕೊಂಡು ತಾನೇ ಓದತೊಡಗಿದಳು, ಬೆರಳಿಟ್ಟು, ಅಕ್ಷರ ಕೂಡಿಸಿಕೊಂಡು. ಏಳರ ಹತ್ತಿರ ಬೆರಳು ನಿಂತಿತು. ಆಮೇಲೆ ಮೇಲಕ್ಕೆ ಹೋಯಿತು.

"ನಾಲ್ಕನೇದು ಬೇಕರಿಯೋರು."

"ಹೂಂ."

"ಅಣ್ಣನಿಗೂ ಹೇಳಿಲ್ಲ."

"ಅವರಿಗೆ ಹೇಳಿದ್ರೆ ನಿನಗೆ ಗೊತ್ತಾಗ್ತಿತ್ತು."

ಅವಳು ಕಾಗದವನ್ನು ಮತ್ತೆ ನಾಲ್ಕು ಮಡಿಕೆ ಮಾಡಿದಳು. ಬೈಗುಳ ಬರಬಹುದು ಎಂದು ಅವನು ಕಾದ. ಬಂದಿದ್ದರೆ ಸುಲಭವಾಗುತ್ತಿತ್ತು.

"ನಾನು ಎಲ್ಲಿ ಮುಂದೆ ಹೋಗ್ತೀನೋ ಅಂತ, ಅವರ ಮನೆಗೂ ಬೆಂಕಿ ಇಟ್ರಾ" ಎಂದಳು. ಅದು ಪ್ರಶ್ನೆಯಾಗಿರಲಿಲ್ಲ. "ಎಷ್ಟು ಉಳಿದಿದೆ?"

ಅವನು ಫೋನು ನೋಡುವ ಮೊದಲೇ ಹೇಳಿದ, "ಮೂವತ್ತೊಂದು."

"ದೊಡ್ಡಕ್ಕ ಎರಡರವರೆಗೆ ಇರ್ತಾಳೆ. ನಾನು ಅಲ್ಲೇ ಕೂತು ಹಾಕ್ತೀನಿ. ನೀವು ಬೇಕರಿಗೆ ಹೋಗಿ."

"ನಿನ್ನ ಫಾರಂ ಯಾರು ತುಂಬ್ತಾರೆ? ಒಂದು ತಪ್ಪಾದ್ರೆ ವಾಪಸ್ ಕಳಿಸ್ತಾರೆ."

"ನಾನೇ" ಎಂದಳು, ಚಪ್ಪಲಿ ಮೆಟ್ಟುತ್ತ.

ಬೇಕರಿ ಎರಡು ಬೀದಿಯಾಚೆ. ಹಿಂಬಾಗಿಲಿನಿಂದ ಹೋದರೆ ಸೀದಾ ಒಲೆಯ ಕೋಣೆ. ಬೇಕರಿ ಅಣ್ಣ ಉದ್ದ ಹಿಡಿಯ ಹಲಗೆಯಿಂದ ಬ್ರೆಡ್ಡುಗಳನ್ನು ಒಳಗೆ ಸರಿಸುತ್ತಿದ್ದ. ಗೆಜೆಟ್ಟನ್ನು ಕಂಡು ನಕ್ಕ.

"ಏನು, ಗೆಜೆಟ್ಟು ಮನೆಬಾಗಿಲಿಗೇ ಬಂತು? ಭಾನುವಾರ ನಾಳೆ ಅಲ್ವಾ?"

ಗೆಜೆಟ್ಟು ನಿಂತಲ್ಲೇ ಎಲ್ಲ ಹೇಳಿದ. ಪಟ್ಟಿ, ನಾಲ್ಕನೆಯ ಸಾಲು, ಒಂದು ವರ್ಷ ಸಾಕು ಎಂಬುದು, ಹೆಂಡತಿಯನ್ನು ಕರೆಸಿಕೊಳ್ಳಬಹುದು ಎಂಬುದು. ಮೂರು ವಾರದ ಹಿಂದೆಯೇ ಗೊತ್ತಿತ್ತು ಎಂಬುದನ್ನೂ ಹೇಳಿದ. ಬೇಕರಿ ಅಣ್ಣ ಹಲಗೆಯನ್ನು ಗೋಡೆಗೆ ಒರಗಿಸಿ ಕೈ ಒರೆಸಿಕೊಂಡ.

"ಗೊತ್ತಿದ್ದೂ ಇಲ್ಲ ಅಂದ್ರಾ? ಯಾಕೆ?"

"ಏಳನೇ ಸಾಲಲ್ಲಿ ನನ್ನ ಹೆಂಡತಿ ಕಸುಬಿತ್ತು."

ಬೇಕರಿ ಅಣ್ಣ ಉಳಿದ ಮಾತಿಗೆ ಕಾದ.

"ಅದು ಒಳ್ಳೇದೇ ಅಲ್ವಾ?" ಎಂದು ಕೇಳಿದ. ನಿಜವಾಗಿಯೂ ಅರ್ಥವಾಗದೆ ಕೇಳಿದ.

"ಈಗಲೇ ಹಾಕೋಣ" ಎಂದು ಗೆಜೆಟ್ಟು ಫೋನು ತೆಗೆದ. ಹಿಟ್ಟು ಉದುರಿದ ಮೇಜಿನ ಮೇಲೆ ಮೊಣಕೈ ಊರಿ ಒಂದೊಂದೇ ಜಾಗ ತುಂಬಿದ. ಹೆಂಡತಿಯ ಜಾಗ ಬಂದಾಗ ಬೇಕರಿ ಅಣ್ಣ ಹತ್ತಿರ ಬಗ್ಗಿ ಅವಳ ಹೆಸರನ್ನು ಎರಡು ಸಲ ಹೇಳಿದ, ಅವಳ ತವರಿನ ಹೆಸರನ್ನೂ ಸೇರಿಸಿ. "ಸರಿಯಾಗಿ ಬರೀರಿ ಮತ್ತೆ. ಬಾಗಿಲಲ್ಲಿ ನಿಲ್ಲಿಸಿಬಿಟ್ಟಾರು ಅವಳನ್ನ." ಒಬ್ಬರ ಹೆಸರನ್ನು ತನ್ನ ಹೆಸರಿನ ಕೆಳಗೆ ಇಷ್ಟು ಹಗುರವಾಗಿ ಬರೆಸಲು ಆಗುತ್ತದೆ ಎಂದು ಗೆಜೆಟ್ಟಿಗೆ ಗೊತ್ತಿರಲಿಲ್ಲ. ಅದಕ್ಕೂ ಒಳಗೊಂದು ಸಣ್ಣ ಕಿಡಿ ಹಾರಿತು.

"ಮಾಲೀಕರ ಪತ್ರ" ಎಂದ. "ಸಹಿ ಮಾಡಿದ್ದು ಬೇಕು."

"ಧಣಿ ಮಗಳ ಮನೆಗೆ ಹೋಗಿದಾರೆ. ಸೋಮವಾರ ಬರ್ತಾರೆ."

"ಫೋನ್ ಮಾಡಿ."

ಬೇಕರಿ ಅಣ್ಣ ಮೂರು ಸಲ ಮಾಡಿದ. ಮೂರು ಸಲವೂ ಗಂಟೆ ಬಾರಿಸಿ ಬಾರಿಸಿ ನಿಂತಿತು. ಅಷ್ಟರಲ್ಲಿ ಒಲೆಯ ಗಂಟೆ ಹೊಡೆಯಿತು. ಅವನು ಹೋಗಿ ಬ್ರೆಡ್ಡುಗಳನ್ನು ಹೊರಗೆಳೆದು ಸಾಲಾಗಿ ಜೋಡಿಸಿದ, ಒಂದೂ ವಾರೆಯಾಗದಂತೆ. ಬೆನ್ನು ತಿರುಗಿಸಿಕೊಂಡೇ ಕೇಳಿದ.

"ಸೋಮವಾರಕ್ಕೆ ಇರತ್ತಾ?"

ಮೂಲೆಯ ಸಂಖ್ಯೆ ಹದಿನಾಲ್ಕಾಗಿತ್ತು. "ಇರಲ್ಲ ಅಣ್ಣ."

"ಮತ್ತೆ ತೆಗೀತಾರಾ?"

"ಗೊತ್ತಿಲ್ಲ. ಒಮ್ಮೊಮ್ಮೆ ವರ್ಷ. ಒಮ್ಮೊಮ್ಮೆ ತೆಗೆಯೋದೇ ಇಲ್ಲ."

ಬೇಕರಿ ಅಣ್ಣ ತಲೆಯಾಡಿಸಿದ. ಒಂದು ಬ್ರೆಡ್ಡಿನ ತಳವನ್ನು ಬೆರಳಿಂದ ತಟ್ಟಿ ಸದ್ದು ಕೇಳಿದ, ಮುಂದಿನದನ್ನು ತಟ್ಟಿದ. ಎಲ್ಲ ಬೆಂದಿದ್ದವು.

ಗೆಜೆಟ್ಟಿನ ಕೈಯಲ್ಲಿ ಫೋನು ನಡುಗಿತು. ಹೆಂಡತಿ. ಹಿಂದಿನಿಂದ ಹೊಲಿಗೆ ಯಂತ್ರಗಳ ಗುಡುಗು.

"ಎಲ್ಲ ತುಂಬಿ ಆಯ್ತು" ಎಂದಳು. "ನಿಮ್ಮ ಹೆಸರೂ ಹಾಕಿದೀನಿ. ಹಾಕದಿದ್ರೆ ಫೈಲು ವಾಪಸ್ ಬರತ್ತಂತೆ. ಅದರ ಕೆಳಗೆ ಒಂದು ಪ್ರಶ್ನೆ ಇದೆ." ಆ ಪ್ರಶ್ನೆಯನ್ನು ಇಲ್ಲಿನ ಭಾಷೆಯಲ್ಲಿ ಎಡವದೆ ಓದಿದಳು, ಆಮೇಲೆ ತಾನೇ ಕನ್ನಡಕ್ಕೆ ತಂದಳು. "ಈ ವ್ಯಕ್ತಿ ನಿಮ್ಮ ಅವಲಂಬಿತರಾಗಿ ನಿಮ್ಮ ಜೊತೆ ಇಲ್ಲಿ ಇರಲಿದ್ದಾರೆಯೇ, ಅಂತ. ಹೌದಾ, ಅಲ್ವಾ?"

"ನೀನೇ ಏನಾದ್ರೂ ಹಾಕು."

"ನಾನು ಊಹೆ ಮೇಲೆ ಬರೆಯಲ್ಲ. ನೀವು ಮೂರು ವಾರ ಸುಮ್ನಿದ್ರಿ, ಅದರ ಅರ್ಥ ಅಲ್ಲ ಅಂತಲೂ ಆಗತ್ತೆ. ನೀವೇ ಹೇಳ್ಬೇಕು."

ಅಲ್ಲಿ ಯಾರೋ ಏನೋ ಅಂದರು. ಅವಳು ಫೋನಿನಿಂದ ಮುಖ ತಿರುಗಿಸಿ ಆ ಭಾಷೆಯಲ್ಲೇ ಪಟಕ್ಕನೆ ಉತ್ತರ ಕೊಟ್ಟಳು. ಮೂರ್ನಾಲ್ಕು ಹೆಂಗಸರು ನಕ್ಕರು. ಆ ನಗೆಯೊಳಗೆ ಅವನಿಗೆ ಜಾಗವಿರಲಿಲ್ಲ. ಅಲ್ಲ ಎಂದುಬಿಟ್ಟರೆ ಇನ್ನೆರಡು ತಿಂಗಳಲ್ಲಿ ತನ್ನ ಡಿಪ್ಲೊಮಾ ಹಿಡಿದು, ತನ್ನದೇ ಹೆಸರಿನ ಮೇಲೆ, ಯಾರ ಕೆಳಗೂ ಇಲ್ಲದೆ ಹೋಗಬಹುದು. ಆ ಮಾತು ನಾಲಿಗೆಯ ಮೇಲೆ ಬಂದು ಕುಳಿತೂ ಬಿಟ್ಟಿತ್ತು.

"ಒಂಬತ್ತಿದೆ" ಎಂದಳು.

"ಹೌದು" ಎಂದ.

"ಕೇಳಿಸ್ತಿಲ್ಲ. ಇಲ್ಲಿ ಮಷೀನು."

"ಹೌದು ಅಂದೆ. ಜೊತೆಗಿರ್ತೀನಿ. ನಿನ್ನ ಅವಲಂಬಿತ ಅಂತ್ಲೇ ಹಾಕು." ಇದನ್ನು ಅವನು ಒಲೆಯ ಕೋಣೆ ತುಂಬುವಷ್ಟು ಗಟ್ಟಿಯಾಗಿ ಹೇಳಬೇಕಾಯಿತು.

ಅವಳು ಫೋನು ಇಡಲಿಲ್ಲ. ಗುಂಡಿ ಒತ್ತಿದ ಸದ್ದು ಕೇಳಿಸಿತು. "ಹೋಯ್ತು" ಎಂದಳು. "ಅಣ್ಣಂದು?"

"ಆಗ್ಲಿಲ್ಲ."

ಆಗ ಫೋನು ಕಟ್ಟಾಯಿತು.

ಗೆಜೆಟ್ಟು ತಿರುಗಿದ. ಬೇಕರಿ ಅಣ್ಣ ಕೈಯಲ್ಲಿ ಬಿಸಿ ತಟ್ಟೆ ಹಿಡಿದು ಅವನನ್ನೇ ನೋಡುತ್ತಿದ್ದ. "ನಿಮ್ಮ ಮನೆಯವರದ್ದು ಹೋಯ್ತಾ?"

"ಹೂಂ."

"ನಿಮ್ಮನ್ನೂ ಸೇರಿಸಿ?"

"ಹೂಂ."

"ಒಳ್ಳೇದಾಯ್ತು" ಎಂದ ಬೇಕರಿ ಅಣ್ಣ. ಅವನ ಬಾಯಿ ಅಷ್ಟು ಹೇಳಿತು. ಮುಖ ಬೇರೆ ಏನೋ ಮಾಡುತ್ತಿತ್ತು. ದವಡೆ ಬಿಗಿದಿತ್ತು. ಕಣ್ಣು ಗೆಜೆಟ್ಟಿನ ಫೋನಿನ ಮೇಲೆ ಒಂದು ಸಲ, ಅವನ ಮೆತ್ತಗಿನ ಕೈಗಳ ಮೇಲೆ ಒಂದು ಸಲ ಹೋಗಿ, ಅಲ್ಲೇ ನಿಂತಿತು. ಇಂಥವನಿಗೂ ಸಿಕ್ಕಿತಲ್ಲ ಎಂಬ ನೋಟ. ಮೂರು ವಾರ ಕನ್ನಡಿಯಲ್ಲಿ ಗಡ್ಡ ಹೆರೆಯುವಾಗಲೆಲ್ಲ ಕಂಡದ್ದರಿಂದ ಗೆಜೆಟ್ಟಿಗೆ ಅದರ ಗುರುತು ಚೆನ್ನಾಗಿತ್ತು. ತಲೆ ತಗ್ಗಿಸದೆ, ಆ ನೋಟ ತಾನಾಗಿ ಬೇರೆ ಕಡೆ ತಿರುಗುವವರೆಗೂ, ಅವನು ಒಲೆಯ ಕಾವಿನಲ್ಲಿ ನಿಂತೇ ಇದ್ದ.